‘ಏನೋ ಅವೆ’ ಎಂದದ್ದಕ್ಕೆ ನಿಂತುಹೋದ ವೀಸಾ

ಮಾಗಡಿ ಸೀಮೆಯಲ್ಲಿ ರೇಷ್ಮೆ ಹುಳ ಮೇಯಿಸುವ ಯಾರನ್ನಾದರೂ “ಈ ಸಲ ಹುಳ ಹೆಂಗವೆ?” ಎಂದು ಕೇಳಿ ನೋಡಿ. “ಏನೋ ಅವೆ” ಎನ್ನುತ್ತಾರೆ. ತಟ್ಟೆಗಳ ತುಂಬ ಬೆರಳು ಗಾತ್ರದ ಹುಳ ಹೊರಳಾಡುತ್ತಿದ್ದರೂ ಅದೇ ಮಾತು, ರೋಗ ಬಿದ್ದು ಅರ್ಧಕ್ಕರ್ಧ ತಿಪ್ಪೆ ಸೇರಿದ್ದರೂ ಅದೇ ಮಾತು. ಹುಳ ಗೂಡು ಕಟ್ಟಿ, ಗೂಡು ಬಿಡಿಸಿ, ಮಾರಿ ಮನೆಗೆ ಬರುವ ತನಕ ‘ಚೆನ್ನಾಗವೆ’ ಎಂಬ ಮಾತು ಬಾಯಿಂದ ಬೀಳಕೂಡದು. ಬಿದ್ದರೆ ದೃಷ್ಟಿಯಾಗುತ್ತದೆ. ಹೊರಗಿನವರ ಕಣ್ಣಿಗಿಂತ ಮನೆಯವರ ನಾಲಿಗೆಯೇ ಕೆಟ್ಟದ್ದು ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಈ ಒಂದು ಮಾತಿನ ದೆಸೆಯಿಂದ ಅವರೂ ನಾನೂ ಒಮ್ಮೆ ಪರದೇಶದ ಕಚೇರಿಯೊಂದರ ಮುಂದೆ ಗಂಟುಮೂಟೆ ಸಮೇತ ಕಂಗಾಲಾಗಿ ಕುಳಿತಿದ್ದೆವು.

ನಾನು ಹುಟ್ಟಿದ್ದು ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ಕಡೆ. ನಮ್ಮಪ್ಪನಿಗೆ ತೆಂಗಿನ ಮರ ಒಂದು ಗೊನೆ ಹೆಚ್ಚು ಬಿಟ್ಟರೂ ಊರಿಗೆಲ್ಲ ಡಂಗುರ ಹೊಡೆಯಬೇಕು. ಅಂಥವರ ಮಗಳನ್ನು ಗುಡೇಮಾರನಹಳ್ಳಿ ಹತ್ತಿರದ ಒಂದು ಹುಳದ ಮನೆಗೆ ಕೊಟ್ಟರು. ರೇಷ್ಮೆ ಕುದುರಿದ್ದ ಕಾಲ ಅದು. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋದ ಗಂಡಸರು ಬರುವಾಗ ಟೇಪ್ ರೆಕಾರ್ಡರ್, ಮಿಕ್ಸಿ, ಕೆಲವರು ಮೋಟರ್ ಸೈಕಲ್ಲನ್ನೇ ತರುತ್ತಿದ್ದರು. ಅಷ್ಟೆಲ್ಲ ತಂದು ಜಗಲಿಯ ಮೇಲಿಟ್ಟುಕೊಂಡೂ “ಏನೋ ಆಯ್ತು ಬುಡು” ಎನ್ನುತ್ತಿದ್ದರು. ನನಗೆ ನಗು ಬರುತ್ತಿತ್ತು.

ನಗು ನಿಂತದ್ದು ಬೀದಿ ನಲ್ಲಿಯ ಹತ್ತಿರ. ಮದುವೆಯಾದ ಹೊಸದು. ಪಕ್ಕದ ಮನೆಯಾಕೆ ಅತ್ತೆಯನ್ನು, “ಸೊಸೆ ಹೆಂಗವ್ಳೆ ಕಣಕ್ಕ?” ಎಂದು ಕೇಳಿದರು. ಬಿಂದಿಗೆ ಹಿಡಿದು ಹಿಂದೆಯೇ ನಿಂತಿದ್ದ ನಾನು ಕಿವಿ ನೆಟ್ಟಗೆ ಮಾಡಿಕೊಂಡೆ. “ಏನೋ ಅವ್ಳೆ” ಎಂದರು ಅತ್ತೆ. ಆ ದಿನ ಸಾರಿಗೆ ಉಪ್ಪು ಹೆಚ್ಚಾದದ್ದು ಕೈತಪ್ಪಿನಿಂದಲ್ಲ.

“ಅವ್ವ ಹಂಗೇ ಕಣೆ. ನನ್ನೂ ಹಂಗೇ ಅನ್ನದು” ಎಂದು ನನ್ನ ಗಂಡ ಸಮಾಧಾನ ಮಾಡಲು ಬಂದರು.

“ನಾನೇನು ಹುಳವಾ?” ಎಂದೆ.

ವರ್ಷಗಳು ಹೋದವು. ನಾನು ಸೊಪ್ಪು ಕೊಯ್ದೆ, ತಟ್ಟೆ ಬದಲಿಸಿದೆ, ಹುಳ ನೋಡಿಕೊಳ್ಳುವುದನ್ನು ಮನಸ್ಸಿಟ್ಟು ಕಲಿತೆ. ಹಬ್ಬಕ್ಕೆ ಬಂದ ನೆಂಟರು ಕೇಳಿದರೂ ಅತ್ತೆಯದು ಅದೇ ಉತ್ತರ. ಒಂದು ಸಲ, ಒಂದೇ ಒಂದು ಸಲ, ‘ಚೆನ್ನಾಗವ್ಳೆ’ ಎಂದಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಆ ಮನೆಯ ಮಗಳು, ಅಂದರೆ ನನ್ನ ನಾದಿನಿ, ರಾಮನಗರದ ನೂಲು ಬಿಚ್ಚುವ ಮನೆಯೊಂದಕ್ಕೆ ಸೊಸೆಯಾಗಿ ಹೋದಳು. ಅವಳ ಗಂಡನಿಗೆ ಗೂಡಿನಿಂದ ನೂಲು ತೆಗೆಯುವ ಕೆಲಸ ಅರೆದು ಕುಡಿದಂತಿತ್ತು. ಆ ಕಸುಬು ಕಲಿಸಿಕೊಡಲೆಂದು ಅವನನ್ನು ಲಾವೋಸ್ ದೇಶದ ರೇಷ್ಮೆ ಕಾರ್ಖಾನೆಯವರು ಅಲ್ಲಿಗೆ ಕರೆಸಿಕೊಂಡರು. ಥಾಯ್ಲೆಂಡಿನ ಪಕ್ಕ, ಮೆಕಾಂಗ್ ಎಂಬ ದೊಡ್ಡ ನದಿಯ ಆಚೆ ದಡದ ದೇಶ ಅದು. ನಾದಿನಿಯೂ ಜೊತೆಗೆ ಹೋಗಿ ಅಲ್ಲಿ ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನದು. ಏಳನೇ ತಿಂಗಳಿಗೆ ಕರೆತರುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಬಿ.ಪಿ. ಏರಿ, ಕಾಲು ಊದಿ, ವಿಮಾನ ಹತ್ತುವುದಿರಲಿ ಮಂಚ ಇಳಿಯುವುದೂ ಬೇಡ ಎಂದು ಅಲ್ಲಿನ ಡಾಕ್ಟರು ಹೇಳಿಬಿಟ್ಟರು.

ಸುದ್ದಿ ಬಂದ ದಿನ ಅತ್ತೆ ಊಟ ಮಾಡಲಿಲ್ಲ. ಅವರ ಸ್ವಂತ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬರಲಾಗದೆ, ತಾಯಿಯ ಮುಖ ನೋಡದೆ ತೀರಿಕೊಂಡವರು. ಅದನ್ನು ಅತ್ತೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಮನೆಯವರೆಲ್ಲರಿಗೂ ಗೊತ್ತಿತ್ತು. ಮಾರನೆಯ ಬೆಳಿಗ್ಗೆ ಸೊಪ್ಪು ಹಾಕುತ್ತಲೇ, “ಅವ್ಳು ತವ್ರಿಗೆ ಬರಕ್ಕಾಗ್ದಿದ್ರೆ ತವ್ರೇ ಅವ್ಳ ತಾವ್ಕೆ ಹೋಯ್ತದೆ” ಎಂದರು.

ಹೋಗುವುದು ಹೇಗೆ ಎಂದು ಅಳಿಯ ಫೋನಿನಲ್ಲಿ ಹೇಳಿದ. ಲಾವೋಸಿನ ವೀಸಾಕ್ಕೆ ನಾವು ದಿಲ್ಲಿಗೆ ಹೋಗಬೇಕು, ಅದು ಎಷ್ಟು ದಿನ ಹಿಡಿಯುತ್ತದೋ ಹೇಳಲಾಗದು. ಅದರ ಬದಲು ಸೀದಾ ಥಾಯ್ಲೆಂಡಿಗೆ ಬಂದುಬಿಡಿ, ಅಲ್ಲಿ ಖೊನ್ ಕೇನ್ ಎಂಬ ಊರಿನಲ್ಲಿ ಲಾವೋಸಿನ ಕಚೇರಿ ಇದೆ, ದಾರಿಯಲ್ಲಿರುವ ಪ್ರವಾಸಿಗರಿಗೆ ಅಲ್ಲೇ ಪ್ರವಾಸಿ ವೀಸಾ ಕೊಡುತ್ತಾರೆ, ಅಲ್ಲಿಂದ ಬಸ್ಸು ಹತ್ತಿ ನದಿ ದಾಟಿದರೆ ಆಯಿತು ಎಂದ. ಮಲಗಿದ ಹೆಂಡತಿಯನ್ನು ಬಿಟ್ಟು ಅವನು ಈಚೆ ದಡಕ್ಕೆ ಬರುವಂತಿರಲಿಲ್ಲ. ಪಾಸ್‌ಪೋರ್ಟು ಮಾಡಿಸಿಕೊಂಡು ಹೊರಡುವ ಹೊತ್ತಿಗೆ ನಮ್ಮ ಮನೆಯಲ್ಲೂ ಹುಳ ಬಲಿಯತೊಡಗಿದ್ದವು. ಮಾವನೂ ನನ್ನ ಗಂಡನೂ ಅವುಗಳನ್ನು ಬಿಟ್ಟು ಅಲ್ಲಾಡುವ ಹಾಗಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿ ಒಸಿ ಇಂಗ್ಲಿಷು ಬರುತ್ತಿದ್ದವಳು ನಾನು. ಹೀಗಾಗಿ ನನ್ನ ಚಿಕ್ಕ ಮಗನನ್ನು ನನ್ನ ತವರಿನಲ್ಲಿ ಬಿಟ್ಟು, ಅತ್ತೆ ಸೊಸೆ ಇಬ್ಬರೇ ಹೊರಟೆವು. ಪ್ರವಾಸಿಗರು ಎಂದರೆ ಮೈಸೂರಿಗೂ ಶ್ರವಣಬೆಳಗೊಳಕ್ಕೂ ಬಸ್ಸಿನಲ್ಲಿ ಹೋಗುವ ಶಾಲೆ ಮಕ್ಕಳು ಎಂದುಕೊಂಡಿದ್ದ ನಾವು ಈಗ ಖುದ್ದು ಪ್ರವಾಸಿಗರಾದೆವು.

ಪ್ರವಾಸಿಗರ ಸಾಮಾನು ನೋಡಬೇಕಿತ್ತು. ರಾಗಿ ಹಿಟ್ಟು, ಬೆಳ್ಳುಳ್ಳಿ, ಕೊಬ್ಬರಿ, ಬೆಲ್ಲ, ಬಾಣಂತಿ ಖಾರದ ಪುಡಿ, ಬಜೆ ಬೇರು, ಹರಳೆಣ್ಣೆ ಸೀಸೆ, ಒಗೆದು ಒಗೆದು ಮೆತ್ತಗಾದ ಮಾವನ ಹಳೇ ಪಂಚೆಗಳು. ಇವುಗಳ ಮಧ್ಯೆ ಒಂದು ಮುದ್ದೆ ಕೋಲು. “ಆ ದೇಶದಲ್ಲಿ ಕೋಲಿಲ್ವಾ ಅತ್ತೆ?” ಎಂದರೆ, “ಕೋಲಿರ್ತವೆ, ಮುದ್ದೆ ಕೋಲಿರ್ತದಾ?” ಎಂದರು. ಸಿಂಗಪುರದಲ್ಲಿ ವಿಮಾನ ಬದಲಿಸುವಾಗ ಅಲ್ಲಿನ ಹುಡುಗಿಯೊಬ್ಬಳು ಅದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದಳು. ನಾನು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಇಲ್ಲದ ಮಡಕೆಯನ್ನು ಕಾಲಲ್ಲಿ ಅದುಮಿ ಹಿಡಿದು, ಮುದ್ದೆ ತಿರುವಿ ತೋರಿಸಿದೆ. ಅವಳು ನಕ್ಕು ಕೋಲು ವಾಪಸ್ ಕೊಟ್ಟಳು. ಅತ್ತೆಯ ಎಲೆಅಡಿಕೆ ಚೀಲವನ್ನು ಮಾತ್ರ ಯಾರೂ ಬಿಚ್ಚಿಸಲಿಲ್ಲ. ಅದರಲ್ಲಿ ಹೋದ ಬೆಳೆಯ ಒಂದು ಒಣಗಿದ ಗೂಡನ್ನು ಅವರು ಇಟ್ಟುಕೊಂಡಿದ್ದರು. ಒಳ್ಳೆಯದಾಗಲಿ ಎಂದು ಅಷ್ಟೇ.

ಖೊನ್ ಕೇನ್ ತಲುಪಿದಾಗ ಅಲ್ಲಿ ನಮ್ಮ ಯುಗಾದಿ ಕಾಲದ ಸುಡುಬಿಸಿಲು. ಅವರ ಹೊಸ ವರ್ಷ ಹತ್ತಿರ ಬಂದಿತ್ತು. ಅಂಗಡಿಗಳ ಮುಂದೆ ನೀರೆರಚುವ ಬಣ್ಣದ ಬಕೆಟ್ಟುಗಳನ್ನು ಗುಡ್ಡೆ ಹಾಕಿದ್ದರು. ಬಸ್ ನಿಲ್ದಾಣದ ಹತ್ತಿರ ಒಂದು ಸಣ್ಣ ವಸತಿಗೃಹದಲ್ಲಿ ರೂಮು ಹಿಡಿದು, ಮಾರನೆಯ ಬೆಳಿಗ್ಗೆ, ವೀಸಾ ಸಿಕ್ಕ ಕೂಡಲೇ ಬಸ್ಸು ಹತ್ತುವ ಅಂದಾಜಿನಲ್ಲಿ, ಗಂಟುಮೂಟೆ ಹೊತ್ತುಕೊಂಡೇ ಕಚೇರಿಗೆ ಹೋದೆವು. ಹೊಸ ವರ್ಷದ ದೀರ್ಘ ರಜೆಗೆ ಮುಂಚೆ ಅವರಿಗೆ ಉಳಿದಿದ್ದದ್ದು ಆ ದಿನ ಮತ್ತು ಮಾರನೆಯ ದಿನ ಮಾತ್ರ ಎಂದು ಬಾಗಿಲಲ್ಲಿ ಬರೆದಿತ್ತು. ನಾನು ಅದನ್ನು ಎರಡು ಸಲ ಓದಿಕೊಂಡೆ. ಅತ್ತೆಗೆ ಹೇಳಲಿಲ್ಲ.

ಕಿಟಕಿಯ ಹಿಂದೆ ಕನ್ನಡಕದ, ಮೆಲುದನಿಯ ಅಧಿಕಾರಿಯೊಬ್ಬರು ಕುಳಿತಿದ್ದರು. ನಮ್ಮ ಅರ್ಜಿ, ಫೋಟೋ, ಪಾಸ್‌ಪೋರ್ಟು ನೋಡಿ, ಕುರ್ಚಿ ತೋರಿಸಿ, ನಿಧಾನವಾದ ಇಂಗ್ಲಿಷಿನಲ್ಲಿ ಮಾತಿಗೆ ತೊಡಗಿದರು. ಅವರು ಕೇಳುವುದು, ನಾನು ಕನ್ನಡದಲ್ಲಿ ಅತ್ತೆಗೆ ಹೇಳುವುದು, ಅತ್ತೆ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಅವರಿಗೆ ಹೇಳುವುದು. ಮಗಳು ಆ ದೇಶದಲ್ಲಿ ಬಸುರಿಯಾಗಿ ಮಲಗಿದ್ದಾಳೆ ಎಂದಾಗ ಅಯ್ಯೋ ಎಂಬಂತೆ ತಲೆದೂಗಿದರು. ನಮ್ಮ ಕಸುಬು ರೇಷ್ಮೆ ಎಂದಾಗ ಅವರ ಮುಖ ಅರಳಿತು. ಅವರ ದೇಶದಲ್ಲೂ ರೇಷ್ಮೆ ಇದೆಯಲ್ಲ.

“ಈಗ ನಿಮ್ಮ ಮನೆಯಲ್ಲಿ ಹುಳ ಇವೆಯೇ? ಹೇಗಿವೆ?” ಎಂದು ಕೇಳಿದರು.

“ಏನೋ ಅವೆ ಕಣಪ್ಪ. ಇದ್ರೆ ಅವೆ, ಹೋದ್ರೆ ಹೋದೊ” ಎಂದರು ಅತ್ತೆ.

ನಾನಾದರೂ ತಿದ್ದಿ ಹೇಳಬಹುದಿತ್ತು. ಆದರೆ ಅಷ್ಟು ವರ್ಷದಲ್ಲಿ ನನ್ನ ನಾಲಿಗೆಯೂ ಆ ಮನೆಯದೇ ಆಗಿಬಿಟ್ಟಿತ್ತು. ಊರಿನಲ್ಲಿ ಆ ಹೊತ್ತಿಗೆ ಹುಳ ಕೊನೆಯ ಪೊರೆ ಬಿಟ್ಟು ಹೊಟ್ಟೆಬಾಕನಂತೆ ಮೇಯುವ ಕಾಲ. ಅಂಥ ನಾಜೂಕಿನ ಹೊತ್ತಿನಲ್ಲಿ ‘ಚೆನ್ನಾಗಿವೆ’ ಎನ್ನಲು ನನಗೂ ಧೈರ್ಯ ಬರಲಿಲ್ಲ. ಅಷ್ಟೇನೂ ಚೆನ್ನಾಗಿಲ್ಲ ಎಂದೇ ಹೇಳಿದೆ.

“ಜಮೀನು ಇದೆಯೇ?”

“ಏನೋ ಒಸಿ ಸೊಪ್ಪಿನ ತೋಟ ಐತೆ.”

“ಮನೆ? ಮಗ?”

“ಏನೋ ಒಂದು ಮನೆ. ಮಗನೂ ಏನೋ ಅವ್ನೆ.”

ಕೊನೆಗೆ ನನ್ನ ಕಡೆ ಕೈ ಮಾಡಿ, “ಇವರು?” ಎಂದರು.

“ಸೊಸೆ. ಏನೋ ಅವ್ಳೆ.”

ಪರದೇಶಕ್ಕೆ ಬಂದರೂ ಬಿಡಲಿಲ್ಲವಲ್ಲ ಇದು ಎಂದು ನನಗೆ ಉರಿದುಹೋಯಿತು. ‘ಸೊಸೆ’ ಎಂಬಷ್ಟನ್ನು ಮಾತ್ರ ಇಂಗ್ಲಿಷಿಗೆ ತಂದೆ.

ಅಧಿಕಾರಿ ಪೆನ್ನು ಕೆಳಗಿಟ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. “ಪ್ರವಾಸಿ ಎಂದರೆ ನೋಡಿಕೊಂಡು ವಾಪಸ್ ಹೋಗುವವರು. ನಿಮ್ಮ ಊರಿನಲ್ಲಿ ಹುಳ ಚೆನ್ನಾಗಿಲ್ಲ, ಜಮೀನು ಹೆಚ್ಚಿಲ್ಲ, ಮನೆಯೂ ಅಷ್ಟಕ್ಕಷ್ಟೆ. ಮಗಳು ಇರುವುದು ನಮ್ಮ ದೇಶದಲ್ಲಿ. ಇಷ್ಟು ಹಿಟ್ಟು ಬೆಲ್ಲ ಬೇರೆ ತಂದಿದ್ದೀರಿ. ನೀವು ವಾಪಸ್ ಯಾಕೆ ಹೋಗುತ್ತೀರಿ?” ಎಂದು ಕೇಳಿದರು. ನಾನು ವಾಪಸ್ ಟಿಕೆಟ್ ತೋರಿಸಿದೆ. ಟಿಕೆಟ್ಟಿನ ದಿನ ಬದಲಿಸಬಹುದು ಎಂದು ಅವರು ಹೇಳಿದರು, ಅದು ನಿಜವೂ ಆಗಿತ್ತು. “ನಾಳೆ ಬೆಳಿಗ್ಗೆ ಇನ್ನೊಮ್ಮೆ ಬನ್ನಿ. ಊರಿಗೆ ಮರಳಲು ನಿಮಗೆ ಏನಿದೆ ಎಂದು ನನಗೆ ಗೊತ್ತಾಗಬೇಕು” ಎಂದು ಪಾಸ್‌ಪೋರ್ಟುಗಳನ್ನು ವಾಪಸ್ ಸರಿಸಿದರು.

ಅಂಚೆ ಕಚೇರಿಗೆ ಹೋಗಿ ಅಳಿಯನಿಗೆ ಫೋನ್ ಮಾಡಿದೆ. ಡಾಕ್ಟರು ಇವತ್ತೋ ನಾಳೆಯೋ ಎನ್ನುತ್ತಿದ್ದಾರಂತೆ. “ಅವ್ವ ಎಲ್ಲಿಗ್ ಬಂದ್ಲು, ಎಲ್ಲಿಗ್ ಬಂದ್ಲು ಅಂತ ಒಂದೇ ಸಮ ಕೇಳ್ತಾವ್ಳೆ ಅಕ್ಕ” ಎಂದ. ನಾಳೆ ಬಂದುಬಿಡುತ್ತೇವೆ ಎಂದು ಹೇಳಿ ಇಟ್ಟೆ. ನಾಳೆ ಕೈತಪ್ಪಿದರೆ ರಜ ಮುಗಿಯುವ ತನಕ ನಾವು ಈ ದಡದಲ್ಲಿ, ಅವಳು ಆ ದಡದಲ್ಲಿ. ಅತ್ತೆಗೂ ಈಗ ರಜದ ವಿಷಯ ಹೇಳಲೇಬೇಕಾಯಿತು.

ರೂಮಿಗೆ ಬಂದದ್ದೇ ನನ್ನ ಬಾಯಿ ಕಟ್ಟೆಯೊಡೆಯಿತು. “ಒಂದ್ಸಲ ಚೆನ್ನಾಗವೆ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಅತ್ತೆ?”

“ಹುಳ ಹೋಯ್ತಿತ್ತು” ಎಂದರು ಅವರು, ಅಷ್ಟೇ ಚುರುಕಾಗಿ. “ಅಲ್ಲಿ ಗಂಡುಸ್ರಿಬ್ರೂವೆ ಹಗಲಿಲ್ಲ ರಾತ್ರೆಯಿಲ್ಲ ಸೊಪ್ಪಾಕ್ತಾವ್ರೆ. ನಾನು ಇಲ್ಲಿ ಕುಂತು ಬಾಯ್ಬುಟ್ಟು ಅದ್ನ ಹಾಳ್ ಮಾಡ್ಲಾ? ಮಾತಾಡುದ್ರೆ ಹೋಯ್ತು, ಮುತ್ತೊಡುದ್ರೆ ಹೋಯ್ತು.”

ಆಮೇಲೆ ನನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಿದರು. ಅವರು ಆ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಅವರೇ ಮೇಯಿಸಿದ ಮೊದಲ ಬೆಳೆ ಅದ್ಭುತವಾಗಿ ಬಂದಿತ್ತಂತೆ. ತವರಿನಿಂದ ಬಂದ ಅಣ್ಣ ಹೇಗಿವೆ ಎಂದು ಕೇಳಿದ್ದಕ್ಕೆ ಖುಷಿ ತಡೆಯಲಾಗದೆ, “ಬಾಳ ಚೆನ್ನಾಗವೆ ಕಣಣ್ಣ, ಬಾ ನೋಡು” ಎಂದು ಒಳಗೆ ಕರೆದುಕೊಂಡು ಹೋಗಿ ತೋರಿಸಿದರಂತೆ. ಎರಡೇ ದಿನಕ್ಕೆ ಹುಳಗಳೆಲ್ಲ ಸುಣ್ಣದ ಕಡ್ಡಿಗಳ ಹಾಗೆ ಬೆಳ್ಳಗೆ ಬಿರುಸಾಗಿ ಸತ್ತವು. “ನಮ್ಮತ್ತೆ ಬಯ್ಲಿಲ್ಲ, ಹೊಡೀಲಿಲ್ಲ. ಸತ್ತಿದ್ವೆಲ್ಲನೂ ಮಂಕ್ರಿಗೆ ತುಂಬಿ ನನ್ ತಲೆ ಮೇಲೆ ಹೊರುಸುದ್ರು” ಎಂದರು. ಅದು ಅಣ್ಣ ಕಾಲು ತೊಳೆಯದೆ ಒಳಗೆ ಬಂದಿದ್ದಕ್ಕೆ ತಗುಲಿದ ರೋಗ ಎಂದು ಯಾವ ರೇಷ್ಮೆ ಇಲಾಖೆಯವರಾದರೂ ಹೇಳಿಯಾರು. ಆದರೆ ತಲೆ ಮೇಲೆ ಹೊತ್ತವರಿಗೆ ಅದನ್ನು ಹೇಳುವುದು ಸುಲಭವಲ್ಲ. ನನ್ನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಹಸಿವೆಯದು.

ಸಂಜೆ ಏನಾದರೂ ತಿನ್ನಲು ಸಿಗುತ್ತದೆಯೇ ಎಂದು ಸಂತೆ ಬೀದಿಗೆ ಹೋದೆವು. ಒಬ್ಬಾಕೆ ಕಂದು ಬಣ್ಣದ ಏನನ್ನೋ ಬಾಣಲೆಯಲ್ಲಿ ಹುರಿದು ರಾಶಿ ಹಾಕಿದ್ದಳು. ಅತ್ತೆ ಬಗ್ಗಿ ನೋಡಿ ಎರಡು ಹೆಜ್ಜೆ ಹಿಂದೆ ಹಾರಿದರು. ಗೂಡಿನೊಳಗಿನ ಹುಳ! ನಮ್ಮಲ್ಲಿ ನೂಲು ತೆಗೆದ ಮೇಲೆ ಕೋಳಿಗೂ ಮೀನಿಗೂ ಹೋಗುವಂಥದ್ದು. “ಅಯ್ಯೋ ಶಿವ್ನೆ, ಸಾಕ್ದೋರೇ ತಿಂತಾರಲ್ಲಮ್ಮಿ!” ಎಂದು ಸೆರಗು ಬಾಯಿಗೆ ಒತ್ತಿಕೊಂಡರು.

ಅದರ ಪಕ್ಕದಲ್ಲೇ ಅತ್ತೆಯ ವಯಸ್ಸಿನ ಇನ್ನೊಬ್ಬಾಕೆ ಕುದಿಯುವ ಮಡಕೆಯ ಮುಂದೆ ಕುಳಿತು ಗೂಡಿನಿಂದ ಕೈಯಲ್ಲೇ ನೂಲು ಎಳೆಯುತ್ತಿದ್ದಳು. ಗೂಡುಗಳು ಹಳದಿ, ಚೂಪು ತುದಿಯವು. ಅತ್ತೆ ಅಲ್ಲೇ ನಿಂತುಬಿಟ್ಟರು. ಎಲೆಅಡಿಕೆ ಚೀಲದಿಂದ ನಮ್ಮ ಗೂಡು ತೆಗೆದು ಅವಳ ಗೂಡಿನ ಪಕ್ಕದಲ್ಲಿ ಹಿಡಿದರು. ಅಕ್ಕ ತಂಗಿಯರ ಮಕ್ಕಳ ಹಾಗಿದ್ದವು. ಆ ಹೆಂಗಸು ಬಾಯಗಲ ನಕ್ಕು, ನೆಲ ತಟ್ಟಿ, ಅತ್ತೆಯನ್ನು ಪಕ್ಕದಲ್ಲೇ ಕೂರಿಸಿಕೊಂಡಳು. ನಮ್ಮ ಗೂಡನ್ನು ಬೆರಳಲ್ಲಿ ಅದುಮಿ ನೋಡಿ ತಲೆದೂಗಿದಳು. ಆಮೇಲೆ ತನ್ನ ಮಂಕರಿ ಎಳೆದು, ತನ್ನ ಗೂಡುಗಳನ್ನು ಬೊಗಸೆಯಲ್ಲಿ ಎತ್ತಿ, ಎದೆ ಮುಟ್ಟಿಕೊಂಡು, ಹೆಬ್ಬೆರಳು ಮೇಲೆತ್ತಿ, ತನಗೆ ಗೊತ್ತಿದ್ದ ಒಂದೇ ಇಂಗ್ಲಿಷ್ ಪದದಲ್ಲಿ “ಗುಡ್! ಗುಡ್!” ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದಳು. ಮನೆಯಲ್ಲಿ ಇನ್ನೂ ಹುಳ ಇವೆ, ಅವೂ ದಪ್ಪ ದಪ್ಪ ಇವೆ ಎಂದು ಬೆರಳು ಉದ್ದ ಮಾಡಿ ತೋರಿಸಿದಳು.

“ಇದೇನಮ್ಮಿ, ಇವ್ಳಿಗೆ ಹೆದ್ರಿಕೆನೇ ಇಲ್ವಲ್ಲ!” ಎಂದರು ಅತ್ತೆ. ಅವಳ ಮುಖ ನೋಡಿದರು, ಮಡಕೆ ನೋಡಿದರು, ಆಕಾಶವನ್ನೂ ಒಮ್ಮೆ ನೋಡಿದರು. ಏನೂ ಬೀಳಲಿಲ್ಲ. ಆ ಹೆಂಗಸು ನಗುತ್ತಲೇ ನೂಲು ಎಳೆಯುತ್ತಿದ್ದಳು. ರೂಮಿಗೆ ವಾಪಸ್ ಬರುವ ದಾರಿಯಲ್ಲಿ ಅತ್ತೆ ಎರಡು ಸಲ ತಿರುಗಿ ಅವಳ ಕಡೆ ನೋಡಿದರು. ಏನು ಯೋಚನೆ ಎಂದು ಕೇಳಿದರೆ ಏನಿಲ್ಲ ಎಂದರು.

ಬೆಳಿಗ್ಗೆ ಅತ್ತೆ ನನಗಿಂತ ಮೊದಲೇ ಎದ್ದು ಸ್ನಾನ ಮುಗಿಸಿ, ಮಗಳ ಮದುವೆಗೆ ತೆಗೆದಿದ್ದ ರೇಷ್ಮೆ ಸೀರೆ ಉಟ್ಟು ತಯಾರಾಗಿದ್ದರು. ಆ ಸುಡುಬಿಸಿಲಿಗೆ ರೇಷ್ಮೆ ಸೀರೆ! ನಾನು ಏನಾದರೂ ಅನ್ನುವ ಮೊದಲೇ, “ಇವತ್ತು ನಾನಂದಿದ್ನ ಅಂದಂಗೇ ಹೇಳ್ಬೇಕು. ನೀನು ಕೂಡ್ಸೂಬೇಡ, ಕಳೀಲೂಬೇಡ” ಎಂದು ಅಪ್ಪಣೆ ಮಾಡಿದರು.

ಕಿಟಕಿಯಲ್ಲಿ ಅದೇ ಅಧಿಕಾರಿ. ನಾವು ಕುಳಿತೆವು. ಅವರು ಕೇಳುವ ಮೊದಲೇ ಅತ್ತೆ ಮೇಜಿನ ಮೇಲೆ ಗೂಡನ್ನಿಟ್ಟರು.

“ಹೇಳು ಅವ್ರಿಗೆ. ನಮ್ ಹುಳ ಚೆನ್ನಾಗವೆ.”

ನಾನು ದಿಗ್ಭ್ರಮೆಯಿಂದ ಅವರ ಕಡೆ ತಿರುಗಿದೆ. ಆ ಮಾತು ಅವರ ಬಾಯಲ್ಲಿ ಬಂದದ್ದನ್ನು ನಾನು ಅದುವರೆಗೆ ಕೇಳಿರಲೇ ಇಲ್ಲ.

“ನನ್ ಮಕ ಏನ್ ನೋಡ್ತೀಯ, ಹೇಳು. ಬಾಳ ಚೆನ್ನಾಗವೆ. ಸೊಪ್ಪು ತಿನ್ನೋ ಸದ್ದು ಹಟ್ಟಿ ಬಾಗ್ಲಿಗಂಟ ಕೇಳ್ತದೆ. ತೋಟನೂ ಚೆನ್ನಾಗೈತೆ, ಬಾವೀಲಿ ನೀರೈತೆ. ಮಾಳಿಗೆ ಮನೆ ಐತೆ, ಹುಳಕ್ಕೇ ಬೇರೆ ಮನೆ ಕಟ್ಸಿವ್ನಿ. ನನ್ ಗಂಡ ಒಳ್ಳೇನು, ಮಗ ಚಿನ್ನದಂತೋನು. ಒಬ್ಬ ಮೊಮ್ಮಗ ಅವ್ನೆ, ನಾನು ಪಕ್ಕದಲ್ಲಿಲ್ದೆ ನಿದ್ದೆ ಮಾಡಲ್ಲ.”

ಒಂದೊಂದನ್ನೂ ನಾನು ಇಂಗ್ಲಿಷಿಗೆ ತಂದೆ. ಅಧಿಕಾರಿ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಅತ್ತೆ ಉಸಿರು ತೆಗೆದುಕೊಂಡು ನನ್ನ ತೋಳಿನ ಮೇಲೆ ಕೈಯಿಟ್ಟರು.

“ಇವ್ಳು ನನ್ ಸೊಸೆ. ಇವ್ಳ ಕೈಗುಣ ಅಂತಾದ್ದು, ಇವ್ಳು ಕಾಲಿಟ್ಮೇಲೆ ನಮ್ಮನೇಲಿ ಒಂದ್ ಬೆಳೆನೂ ಪೂರ್ತಿ ಕೆಟ್ಟಿಲ್ಲ. ಕಾಯ್ಲೆ ಹುಳ ಯಾವ್ದು, ಒಳ್ಳೆ ಹುಳ ಯಾವ್ದು ಅಂತ ನನ್ಗಿಂತ ಮೊದ್ಲೇ ಹೇಳ್ತಾಳೆ. ಬಾಯಿ ಜೋರು, ಮನ್ಸು ಬೆಣ್ಣೆ. ಅಲ್ಲಿರೋಳು ನನ್ ಹೊಟ್ಟೇಲಿ ಹುಟ್ದೋಳು, ಅವ್ಳ ಹೆರಿಗೆ ಮಾಡ್ಕೊಡದು ನನ್ ಧರ್ಮ. ಆದ್ರೆ ನಾನು ಸಾಯೋಗಂಟ ಇರಬೇಕು ಅಂದ್ಕಂಡಿರದು ಇವ್ಳ ಜೊತೆ. ವಾಪಸ್ ಹೋಗ್ದೆ ಇನ್ನೆಲ್ಲಿಗ್ ಹೋಗ್ಲಿ?”

ನನ್ನ ಇಂಗ್ಲಿಷು ಅಲ್ಲಿಗೆ ನಿಂತುಹೋಯಿತು.

“ಏನು ಹೇಳುತ್ತಿದ್ದಾರೆ?” ಎಂದರು ಅಧಿಕಾರಿ.

“ಸೊಸೆ ಒಳ್ಳೆಯವಳು ಎನ್ನುತ್ತಿದ್ದಾರೆ” ಎಂದೆ, ಮೇಜು ನೋಡುತ್ತ.

ಅತ್ತೆ ಬಿಡಲಿಲ್ಲ. “ಅಷ್ಟೇನಾ? ನಾನ್ ಅಷ್ಟುದ್ದ ಹೇಳಿವ್ನಿ, ನೀನ್ ಇಷ್ಟ್ರಲ್ಲೇ ಮುಗಿಸ್ಬುಟ್ಟೆ. ಪೂರಾ ಹೇಳಮ್ಮಿ. ಕಳೀಬೇಡ ಅಂದಿರ್ಲಿಲ್ವಾ?”

ಹೀಗೆ ನನ್ನ ಹೊಗಳಿಕೆಯನ್ನು ನಾನೇ, ನನ್ನ ಬಾಯಿಂದಲೇ, ಬಾರದ ಇಂಗ್ಲಿಷಿನಲ್ಲಿ ಒಬ್ಬ ಅಪರಿಚಿತರಿಗೆ ಪೂರ್ತಿಯಾಗಿ ಹೇಳಬೇಕಾಯಿತು. ಕೈಗುಣಕ್ಕೆ ಪದ ಸಿಗದೆ ನನ್ನ ಎರಡೂ ಕೈಗಳನ್ನು ಮುಂದೆ ಚಾಚಿ ತೋರಿಸಿದೆ. ಸೊಪ್ಪಿನ ಹಾಲಿನಿಂದ ಕಪ್ಪುಗಟ್ಟಿದ ಬೆರಳುಗಳು. ಬಾಯಿ ಜೋರು ಎಂಬುದನ್ನೂ ಬಿಡಲಿಲ್ಲ. ಸಾಯುವ ತನಕ ನನ್ನ ಜೊತೆ ಇರಬೇಕು ಎಂಬಲ್ಲಿಗೆ ಬಂದಾಗ ಅತ್ತುಬಿಟ್ಟೆ. ಪಕ್ಕದ ಬೆಂಚಿನ ಬಿಳಿಯ ಹುಡುಗನೊಬ್ಬ ತನ್ನ ನೀರಿನ ಬಾಟಲಿ ನನ್ನ ಕಡೆ ಸರಿಸಿದ.

ಅಧಿಕಾರಿ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಅತ್ತೆಯ ಕೈಗೆ ವಾಪಸ್ ಕೊಟ್ಟರು. “ನಿನ್ನೆ ಯಾಕೆ ಇದನ್ನು ಹೇಳಲಿಲ್ಲ?” ಎಂದು ನನ್ನನ್ನು ಕೇಳಿದರು. ದೃಷ್ಟಿಯ ವಿಷಯ ಬಂದಷ್ಟು ಇಂಗ್ಲಿಷಿನಲ್ಲಿ ವಿವರಿಸಿದೆ. ಅವರು ಅತ್ತೆಯ ಕಡೆ ಬಹಳ ಹೊತ್ತು ನೋಡಿದರು. “ಹಾಗಾದರೆ ಇವತ್ತು ಹೇಳಿದ್ದರಿಂದ ಹುಳಕ್ಕೆ ಏನೂ ಆಗದಿರಲಿ. ಮಧ್ಯಾಹ್ನ ಬನ್ನಿ, ವೀಸಾ ಸಿಗುತ್ತದೆ” ಎಂದರು.

ಹೊರಗೆ ಬಂದ ಕೂಡಲೇ ಅತ್ತೆಯ ಧೈರ್ಯವೆಲ್ಲ ಇಳಿದುಹೋಯಿತು. ಗೇಟಿನ ಪಕ್ಕದಲ್ಲೇ ನಿಂತು, “ಏನ್ ಮಾಡ್ಬುಟ್ಟೆ ನಾನು! ನಮ್ಮೂರು ಯಾವ್ ದಿಕ್ಕಿಗೈತಮ್ಮಿ?” ಎಂದರು. ಪಡುವಣಕ್ಕೆ ಕೈ ತೋರಿಸಿದೆ. ನೆಲದಿಂದ ಒಂದು ಹಿಡಿ ಮಣ್ಣೆತ್ತಿ, ಆ ದಿಕ್ಕಿಗೆ ಮುಖ ಮಾಡಿ, ಕಣ್ಣಿಗೆ ಕಾಣದಷ್ಟು ದೂರದ ತಟ್ಟೆಗಳಿಗೆಲ್ಲ ನೀವಾಳಿಸಿ, ಥೂ ಥೂ ಎಂದು ಉಗುಳಿ ಚೆಲ್ಲಿದರು. ಆಮೇಲೆ ನನ್ನ ಕಡೆ ತಿರುಗಿ, ಎರಡೂ ಕೈಯಿಂದ ನನ್ನ ಕೆನ್ನೆ ಸವರಿ, ಬೆರಳುಗಳನ್ನು ತಮ್ಮ ಕಣತಲೆಗೆ ಒತ್ತಿ ನೆಟಿಕೆ ಮುರಿದರು. ಲಟಲಟನೆ ಸದ್ದಾಯಿತು. “ನಿನ್ಗೂ ಬಾಳ ತಾಗಿರ್ತದೆ” ಎಂದರು. ಮದುವೆಯಾದ ದಿನದ ಆರತಿ ಬಿಟ್ಟರೆ ನನಗೆ ಅವರು ದೃಷ್ಟಿ ತೆಗೆದದ್ದು ಅದೇ ಮೊದಲು. ನನಗೆ ಎಷ್ಟು ಸಂತೋಷವಾಯಿತೆಂದರೆ, ಆ ರಸ್ತೆಯಲ್ಲಿ ಕುಣಿಯುವುದೊಂದು ಬಾಕಿ.

ಮಧ್ಯಾಹ್ನ ವೀಸಾ ಕೈಗೆ ಬಂತು. ಗಡಿಗೆ ಹೋಗುವ ಬಸ್ಸಿನಲ್ಲಿ ಅತ್ತೆ ಮುದ್ದೆ ಕೋಲನ್ನು ತೊಡೆಯ ಮೇಲಿಟ್ಟುಕೊಂಡೇ ಕುಳಿತಿದ್ದರು. ಹೊತ್ತು ಮುಳುಗುವುದರೊಳಗೆ ಮೆಕಾಂಗ್ ದಾಟಿದೆವು. ಆಚೆ ದಡದಲ್ಲಿ ಅಳಿಯ ನಿಂತಿದ್ದ. ಮನೆಯ ಬಾಗಿಲಲ್ಲಿ “ಅವ್ವ” ಎಂದು ಒಳಗಿನಿಂದ ಬಂದ ಕೂಗಿಗೆ ಅತ್ತೆ ಚಪ್ಪಲಿ ಬಿಡುವುದನ್ನೂ ಮರೆತು ಓಡಿದರು. ಮಾರನೆಯ ಮಧ್ಯಾಹ್ನ, ಆಚೀಚೆ ಮನೆಯವರು ಹೊಸ ವರ್ಷದ ನೀರೆರಚಿಕೊಂಡು ಕೇಕೆ ಹಾಕುತ್ತಿರುವಾಗ, ನಾದಿನಿಗೆ ಹೆಣ್ಣು ಮಗುವಾಯಿತು. ಕಷ್ಟದ ಹೆರಿಗೆ. ಅಷ್ಟೂ ಹೊತ್ತು ಅವಳ ಕೈ ಅತ್ತೆಯ ಕೈಯಲ್ಲಿತ್ತು. ತಾಯಿಯೂ ಉಳಿದಳು, ಮಗುವೂ ಉಳಿಯಿತು.

ಊರಿನ ಎಸ್‌ಟಿಡಿ ಬೂತಿಗೆ ಫೋನ್ ಮಾಡಿದೆವು. ಮಾವನನ್ನು ಕರೆಸಿದರು. ಮೊಮ್ಮಗಳು ಹುಟ್ಟಿದ್ದನ್ನು ಹೇಳಿ, ಅತ್ತೆ ಕೇಳಿದರು: “ಹುಳ ಏನಾದೊ?”

“ಏನೋ ಆದೊ ಕಣೆ” ಎಂದರು ಮಾವ. “ಗೂಡು ಕಟ್ಸಕ್ಕೆ ಬಿದಿರಿನ ಚಂದ್ರಿಕೆ ತಟ್ಟೆ ಸಾಲ್ದೆ ಪಕ್ಕದ್ ಮನೇರ್ದೂ ಇಸ್ಕಂಡಿವ್ನಿ. ಅದೂ ಸಾಲ್ತಿಲ್ಲ. ಮಗೂ ಹೆಂಗೈತೆ?”

ಅತ್ತೆ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರಿತ್ತು. “ಏನೋ ಐತೆ ಬುಡಿ” ಎಂದರು.

ಮೊದಮೊದಲ ಬಾಣಂತನ ಮುಗಿಸಿ, ವೀಸಾದ ಅವಧಿಯೊಳಗೇ ಊರಿಗೆ ಬಂದೆವು. ಬಂದ ಮಾರನೆಯ ದಿನ ಬೀದಿ ನಲ್ಲಿಯ ಹತ್ತಿರ ಪಕ್ಕದ ಮನೆಯಾಕೆ ಸಿಕ್ಕಿದರು. ವಿಮಾನ, ಪರದೇಶ, ಮಗು ಎಲ್ಲ ವಿಚಾರಿಸಿದ ಮೇಲೆ ನನ್ನ ಕಡೆ ಕಣ್ಣು ಹಾಯಿಸಿ, “ಅಷ್ಟು ದೂರ ಕರ್ಕಂಡೋಗಿದ್ದೆ, ಸೊಸೆ ಹೆಂಗೆ ನೋಡ್ಕಂಡ್ಲಕ್ಕ?” ಎಂದು ಅತ್ತೆಯನ್ನು ಕೇಳಿದರು.

ಅತ್ತೆ ಬಿಂದಿಗೆಯನ್ನು ನಲ್ಲಿಯ ಕೆಳಗೆ ಸರಿಯಾಗಿ ಕೂರಿಸಿದರು. “ಏನೋ ನೋಡ್ಕಂಡ್ಲು” ಎಂದರು.

ನಾನು ತುಂಬಿದ ಬಿಂದಿಗೆಯನ್ನು ಸೊಂಟಕ್ಕೇರಿಸಿಕೊಂಡು, ಸೀರೆಯೆಲ್ಲ ನೆನೆದರೂ ಗೊತ್ತಾಗದಷ್ಟು ಹಿಗ್ಗಿನಲ್ಲಿ ಮನೆಗೆ ನಡೆದೆ. ಆ ಮಾತನ್ನು ಇನ್ನು ಯಾರೂ ನನಗೆ ತರ್ಜುಮೆ ಮಾಡಿ ಹೇಳಬೇಕಾಗಿರಲಿಲ್ಲ.